ಬಂಕ್ ಬದಲಿಸಿದರೆ ಮೈಲೇಜ್ ಬದಲಾದೀತೆ?

ಇಂಧನದ ಗುಣಮಟ್ಟ ಮತ್ತು ಮೈಲೇಜ್ ಕುರಿತು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಕಳುಹಿಸಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಶಿಕ್ಷಕ. ತಂದೆ-ತಾಯಿ ಬೀದರ್‌ನಲ್ಲಿರುವುದರಿಂದ ವಾರಕ್ಕೊಮ್ಮೆಯಾದರೂ ಹೋಗಿಬರುತ್ತೇನೆ. 35 ಲೀಟರ್ ಟ್ಯಾಂಕಿನ ಸಣ್ಣ ಪೆಟ್ರೋಲ್ ಕಾರು. ಇಷ್ಟು ವರ್ಷ ಹುಮನಾಬಾದ್ ರಸ್ತೆಯ ಒಂದೇ ಬಂಕಿನಲ್ಲಿ ಹಾಕಿಸುತ್ತಿದ್ದೆ. ಬೇರೆ ಕಂಪನಿಯ ಪೆಟ್ರೋಲ್ "ಛಲೋ ಆವರೇಜ್ ಕೊಡ್ತದ" ಎಂದು ಸಹೋದ್ಯೋಗಿಯೊಬ್ಬರು ಹೇಳಿದರೆಂದು ಪರೀಕ್ಷಿಸಿ ನೋಡಿದೆ. ಹಳೆಯ ಪೆಟ್ರೋಲಿನಲ್ಲಿ 400 ಕಿ.ಮೀ. ಓಡಿಸಿ ಹೊಸ ಬಂಕಿನಲ್ಲಿ ಫುಲ್ ಮಾಡಿಸಿದಾಗ 21 ಲೀಟರ್ ಹಿಡಿಯಿತು. ನಾಜಲ್ ತಾನಾಗಿ ಕಟ್ ಆದ ತಕ್ಷಣ ಅಲ್ಲಿನ ಹುಡುಗ ನಿಲ್ಲಿಸಿದ. ಹೊಸ ಪೆಟ್ರೋಲಿನಲ್ಲಿ ಮತ್ತೆ 400 ಕಿ.ಮೀ. ಓಡಿಸಿ ಹಳೆಯ ಬಂಕಿಗೆ ಬಂದು, ಎಂದಿನಂತೆ ಬಾಯಿಮಟ್ಟ ತುಂಬಿಸಿದಾಗ 25 ಲೀಟರ್ ಹಿಡಿಯಿತು. ಅಂದರೆ ಹಳೆಯದರಲ್ಲಿ 19, ಹೊಸದರಲ್ಲಿ 16. ಕಂಪನಿಯಿಂದ ಕಂಪನಿಗೆ ಪೆಟ್ರೋಲಿನಲ್ಲಿ ಇಷ್ಟೊಂದು ವ್ಯತ್ಯಾಸ ಇರುತ್ತದೆಯೇ?

ಉತ್ತರ: ಇರುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಕಾಣುವ 3 ಕಿ.ಮೀ. ವ್ಯತ್ಯಾಸಕ್ಕೆ ಪೆಟ್ರೋಲನ್ನು ದೂರಬೇಕಾಗಿಯೇ ಇಲ್ಲ, ಏಕೆಂದರೆ ಅದರ ಕಾರಣವನ್ನು ನೀವೇ ಪತ್ರದಲ್ಲಿ ಬರೆದು ಕಳುಹಿಸಿದ್ದೀರಿ. ಮೊದಲ ಬಾರಿ ಟ್ಯಾಂಕ್ ಬಾಯಿಮಟ್ಟ ತುಂಬಿತ್ತು. ಎರಡನೆಯ ಬಾರಿ ನಾಜಲ್ ಕಟ್ ಆದಲ್ಲಿಗೆ ನಿಂತಿತು. ಮೂರನೆಯ ಬಾರಿ ಮತ್ತೆ ಬಾಯಿಮಟ್ಟ. ಕಟ್ ಆಗುವ ಮಟ್ಟಕ್ಕೂ ಬಾಯಿಮಟ್ಟಕ್ಕೂ ನಡುವೆ ಎರಡು ಲೀಟರ್ ಅಂತರವಿರುವುದು ಸಣ್ಣ ಕಾರುಗಳಲ್ಲಿ ಸಾಮಾನ್ಯ. ಈಗ ನಿಮ್ಮ ಕಾರು ಎರಡೂ ಸಲ 400 ಕಿ.ಮೀ.ಗೆ ಸರಿಯಾಗಿ 23 ಲೀಟರ್ ಕುಡಿದಿದೆ ಎಂದುಕೊಂಡು ಲೆಕ್ಕ ಹಾಕಿ ನೋಡಿ. ಎರಡನೆಯ ಬಾರಿ ಎರಡು ಲೀಟರ್ ಕಡಿಮೆ ತುಂಬಿದ್ದರಿಂದ 21 ಎಂದು ತೋರಿತು. ಮೂರನೆಯ ಬಾರಿ ಆ ಎರಡು ಲೀಟರ್ ಬಾಕಿಯೂ ಸೇರಿ 25 ಆಯಿತು. ಒಂದೇ ಪೆಟ್ರೋಲ್, ಒಂದೇ ಕಾರು, ಒಂದೇ ಚಾಲಕ; ಆದರೂ ಕಾಗದದ ಮೇಲೆ 19 ಮತ್ತು 16. ತೊಗರಿ ಚೀಲವನ್ನು ಒಮ್ಮೆ ಗೋಣಿ ಬಿಟ್ಟು, ಇನ್ನೊಮ್ಮೆ ಗೋಣಿ ಸಮೇತ ತೂಗಿ ಹೋಲಿಸಿದಂತಾಯಿತು. ಎರಡೂ ಸುತ್ತುಗಳನ್ನು ಕೂಡಿಸಿದರೆ 800 ಕಿ.ಮೀ.ಗೆ 46 ಲೀಟರ್, ಅಂದರೆ ಲೀಟರಿಗೆ 17.4 ಕಿ.ಮೀ. ನಿಮ್ಮ ಕಾರಿನ ನಿಜವಾದ ಮೈಲೇಜ್ ಅದೇ ಇರಬೇಕು.

ಇನ್ನೊಂದು ಸಂಗತಿಯನ್ನು ನೀವು ಗಮನಿಸಿದಂತಿಲ್ಲ. ಹೊಸ ಬಂಕಿಗೆ ಹೋದಾಗ ಟ್ಯಾಂಕ್ ಖಾಲಿ ಇರಲಿಲ್ಲ. ಅದರಲ್ಲಿ ಹಳೆಯ ಪೆಟ್ರೋಲ್ ಹನ್ನೆರಡು ಲೀಟರಿನಷ್ಟಾದರೂ ಉಳಿದಿತ್ತು. ಅದರ ಮೇಲೆ 21 ಲೀಟರ್ ಹೊಸದು ಬಿತ್ತು. ಹಾಗಾಗಿ ನೀವು ಹೊಸ ಕಂಪನಿಯದೆಂದು ತಿಳಿದು ಓಡಿಸಿದ ಪೆಟ್ರೋಲಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಳೆಯದೇ ಆಗಿತ್ತು.

ಇನ್ನು ಕಂಪನಿಗಳ ವಿಷಯ. ನಮ್ಮಲ್ಲಿ ಮಾರಾಟವಾಗುವ ಇಂಧನವು, ಬಂಕಿನ ಮೇಲೆ ಯಾವ ಫಲಕವಿದ್ದರೂ, ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿದ ಒಂದೇ ಮಾನದಂಡಕ್ಕೆ ಒಳಪಟ್ಟಿರಬೇಕು: ಪೆಟ್ರೋಲಿಗೆ ಐಎಸ್ 2796, ಡೀಸೆಲ್‌ಗೆ ಐಎಸ್ 1460, ಶೇ 20 ಎಥನಾಲ್ (ಕಬ್ಬು, ಧಾನ್ಯಗಳಿಂದ ತೆಗೆಯುವ ಮದ್ಯಸಾರ) ಬೆರೆತ ಪೆಟ್ರೋಲಿಗೆ ಐಎಸ್ 17021. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 (ಮಾಲಿನ್ಯ ತಗ್ಗಿಸುವ ಭಾರತ್ ಸ್ಟೇಜ್-6 ಮಾನದಂಡದ) ಇಂಧನ ಕಡ್ಡಾಯವಾಗಿದ್ದು, ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಭಾಗದಿಂದ 10ಕ್ಕೆ ಇಳಿದಿದೆ. ಇದಲ್ಲದೆ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಈ ಮೂರು ಸರ್ಕಾರಿ ಕಂಪನಿಗಳು ಸಾಗಣೆ ವೆಚ್ಚ ಉಳಿಸಲು ತಮ್ಮತಮ್ಮಲ್ಲಿ ಇಂಧನ ವಿನಿಮಯ ಮಾಡಿಕೊಳ್ಳುತ್ತವೆ. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರದ ಪೆಟ್ರೋಲ್, ಡೀಸೆಲ್ ಬೇರೆ ಕಂಪನಿಗಳ ಬಂಕುಗಳಲ್ಲೂ ಮಾರಾಟವಾಗುತ್ತವೆ. ಆದ್ದರಿಂದ ಇವರ ಪೆಟ್ರೋಲ್ ಗಟ್ಟಿ, ಅವರದು ತೆಳು ಎಂಬ ಮಾತಿಗೆ ಆಧಾರ ತೀರ ದುರ್ಬಲ.

ಹಾಗೆಂದು ಎಲ್ಲ ಪೆಟ್ರೋಲ್ ತದ್ರೂಪ ಎಂದು ಹೇಳಲಾಗದು. ಮಾನದಂಡದಲ್ಲಿಯೇ ಪೆಟ್ರೋಲಿನ ಸಾಂದ್ರತೆಗೆ, 15 ಡಿಗ್ರಿ ಉಷ್ಣತೆಯಲ್ಲಿ, ಘನ ಮೀಟರಿಗೆ 720ರಿಂದ 775 ಕಿಲೋವರೆಗೆ ಅವಕಾಶವಿದೆ. ಸಾಂದ್ರತೆ ಹೆಚ್ಚಿದ್ದರೆ ಸಾಮಾನ್ಯವಾಗಿ ಒಂದು ಲೀಟರಿನಲ್ಲಿರುವ ಶಕ್ತಿಯೂ ತುಸು ಹೆಚ್ಚು. ಆದರೆ ಈ ಏರಿಳಿತ ಕಚ್ಚಾತೈಲ, ಋತು ಮತ್ತು ಸಂಸ್ಕರಣೆಯನ್ನು ಅವಲಂಬಿಸಿದೆಯೇ ಹೊರತು ಫಲಕದ ಬಣ್ಣವನ್ನಲ್ಲ. ಒಂದೇ ಬಂಕಿಗೆ ಈ ವಾರ ಬಂದ ಟ್ಯಾಂಕರಿಗೂ ಮುಂದಿನ ವಾರದ್ದಕ್ಕೂ ಅಷ್ಟೇ ವ್ಯತ್ಯಾಸ ಇರಬಹುದು.

ನಿಮ್ಮ ಮಾರ್ಗದ್ದೂ ಒಂದು ವಿಶೇಷವಿದೆ. ಬೀದರ್ ಪ್ರಸ್ಥಭೂಮಿಯ ಮೇಲಿರುವ ಊರು, ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ. ಸಾವಿರ ಕಿಲೋ ತೂಕದ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಎಂಜಿನ್ ಕಾಲು ಲೀಟರಿನಷ್ಟು ಪೆಟ್ರೋಲನ್ನು ಹೆಚ್ಚಾಗಿ ಸುಡಬೇಕಾಗುತ್ತದೆ. ಹೋಗುವಾಗಿನ ಮೈಲೇಜನ್ನು ಒಂದು ಕಂಪನಿಯ ಖಾತೆಗೂ ಬರುವಾಗಿನದನ್ನು ಇನ್ನೊಂದರ ಖಾತೆಗೂ ಹಾಕಿದರೆ ಎರಡನೆಯ ಕಂಪನಿ ಸುಮ್ಮನೆ ಗೆದ್ದುಬಿಡುತ್ತದೆ. ವೇಗದ ಪ್ರಭಾವ ಇದಕ್ಕಿಂತಲೂ ದೊಡ್ಡದು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 80ರಲ್ಲಿ ಸಾಗುವ ಬದಲು 100ರಲ್ಲಿ ಸಾಗಿದರೆ ಅದು ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಕಮಲಾಪುರ ದಾಟಿದ ಮೇಲೆ ಲಾರಿಗಳ ಹಿಂದೆ ಸಾಲಿನಲ್ಲಿ ನಿಧಾನವಾಗಿ ಹೋದ ದಿನಕ್ಕೂ ತಡವಾಯಿತೆಂದು ಒತ್ತಿ ಓಡಿಸಿದ ದಿನಕ್ಕೂ ಮೈಲೇಜ್ ಒಂದೇ ಇರಲು ಸಾಧ್ಯವಿಲ್ಲ.

ನಿಜವಾಗಿ ಹೋಲಿಸಿ ನೋಡುವ ಆಸೆಯಿದ್ದರೆ ಒಂದು ಕಂಪನಿಯ ಪೆಟ್ರೋಲಿನಲ್ಲಿ ನಾಲ್ಕೈದು ಟ್ಯಾಂಕ್, ಇನ್ನೊಂದರಲ್ಲಿ ನಾಲ್ಕೈದು ಟ್ಯಾಂಕ್ ಓಡಿಸಿ, ಮತ್ತೆ ಮೊದಲಿನದಕ್ಕೆ ಮರಳಿ. ಪ್ರತಿ ಬಾರಿ ನಾಜಲ್ ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸಿ, ಕಾರು ಸಮತಟ್ಟಾದ ಜಾಗದಲ್ಲೇ ನಿಂತಿರಲಿ. ಬದಲಾಯಿಸಿದ ಮೇಲಿನ ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ಟಯರ್‌ಗಳ ಗಾಳಿಯನ್ನು ಪ್ರತಿ ವಾರ ಒಂದೇ ಮಟ್ಟಕ್ಕೆ ಸರಿಪಡಿಸಿಕೊಳ್ಳಿ. ಟ್ಯಾಂಕ್‌ವಾರು ಸರಾಸರಿ ತೆಗೆಯದೆ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಡ್ಯಾಶ್‌ಬೋರ್ಡಿನ ಮೈಲೇಜ್ ಅಂಕಿಯನ್ನು ನಂಬಬೇಡಿ. ಅದು ಬಹುತೇಕ ಕಾರುಗಳಲ್ಲಿ ಸ್ವಲ್ಪ ಉದಾರವಾಗಿಯೇ ತೋರಿಸುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಶೇ 1-2ರಷ್ಟು ವ್ಯತ್ಯಾಸ ಕಂಡರೆ ಅದು ಪೆಟ್ರೋಲಿನದೋ ಹವೆಯದೋ ಎಂದು ಬಿಡಿಸಿ ಹೇಳಲು ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಷ್ಟು ಶ್ರಮಕ್ಕೆ ತಕ್ಕ ಫಲ ಇದರಲ್ಲಿಲ್ಲ.

ಪ್ರಶ್ನೆ: ಭಾಲ್ಕಿಯ ಬಳಿ ನಮ್ಮ ಊರು, ಕಬ್ಬು ಬೆಳೆಯುತ್ತೇವೆ. 2016ರ ಪೆಟ್ರೋಲ್ ಕಾರು ಮೊದಲು 18 ಕೊಡುತ್ತಿತ್ತು, ಈಗ 14ಕ್ಕೆ ಬಂದಿದೆ. ಎಲ್ಲರೂ ಎಥನಾಲ್ ಕಾರಣ ಅನ್ನುತ್ತಾರೆ. ಎಥನಾಲ್ ಕಡಿಮೆ ಇರುವ ಕಂಪನಿ ಯಾವುದು?

ಉತ್ತರ: ಸಾದಾ ಪೆಟ್ರೋಲಿನಲ್ಲಿ ಅಂಥ ಕಂಪನಿ ಹುಡುಕಿ ಪ್ರಯೋಜನವಿಲ್ಲ, ಏಕೆಂದರೆ ಎಥನಾಲ್ ಮಿಶ್ರಣ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದಲ್ಲ, ಸರ್ಕಾರದ ಕಾರ್ಯಕ್ರಮ. 2022ರ ಜೂನ್ ವೇಳೆಗೆ ದೇಶದ ಸರಾಸರಿ ಮಿಶ್ರಣ ಶೇ 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ 20 ಮಿಶ್ರಣದ ಪೆಟ್ರೋಲ್, ಅಂದರೆ ಇ20, ಬಿಡುಗಡೆಯಾಯಿತು. 2030ಕ್ಕೆಂದು ಇಟ್ಟುಕೊಂಡಿದ್ದ ಶೇ 20ರ ಗುರಿಯನ್ನು 2025ರಲ್ಲೇ ತಲುಪಲಾಯಿತು.

ಎಥನಾಲ್‌ನಿಂದ ಮೈಲೇಜ್ ಇಳಿಯುವುದು ನಿಜ, ಅದರ ಕಾರಣವೂ ಸರಳ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಒಂದು ಲೀಟರ್ ಎಥನಾಲ್‌ನಲ್ಲಿರುವುದು 21ರಷ್ಟು ಮಾತ್ರ, ಅಂದರೆ ಮೂರನೇ ಒಂದು ಪಾಲು ಕಡಿಮೆ. ಐದರಲ್ಲಿ ಒಂದು ಭಾಗ ಎಥನಾಲ್ ಬೆರೆಸಿದಾಗ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶಕ್ತಿ ಸುಮಾರು ಶೇ 7ರಷ್ಟು ತಗ್ಗುತ್ತದೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಎಥನಾಲ್ ಮಾರ್ಗಸೂಚಿಯ ಅಂದಾಜೂ ಇದಕ್ಕೆ ಹೊಂದುತ್ತದೆ: ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಶೇ 10 ಮಿಶ್ರಣಕ್ಕೆ ಹೊಂದಿಸಲಾದ ಕಾರುಗಳಲ್ಲಿ ಶೇ 6-7, ದ್ವಿಚಕ್ರ ವಾಹನಗಳಲ್ಲಿ ಶೇ 3-4, ಶೇ 10 ಮಿಶ್ರಣಕ್ಕೆ ವಿನ್ಯಾಸಗೊಂಡು ಇ20ಗೆ ಹೊಂದಿಸಲಾದ ಕಾರುಗಳಲ್ಲಿ ಶೇ 1-2 ಇಳಿಕೆ.

ನಿಮ್ಮ ಕಾರನ್ನು ಮೊದಲ ಗುಂಪಿಗೆ ಸೇರಿಸಿ, ಇಳಿಕೆಯನ್ನು ಪೂರ್ತಿ ಶೇ 7 ಎಂದೇ ಹಿಡಿದರೂ 18 ಇದ್ದದ್ದು 16.7ಕ್ಕೆ ಬರಬೇಕು. ನಿಮ್ಮದು 14ಕ್ಕೆ ಬಂದಿದೆ. ಉಳಿದ 2.7 ಕಿ.ಮೀ.ಗೂ ಎಥನಾಲ್‌ನ ಶಕ್ತಿ ಕಡಿಮೆ ಇರುವುದಕ್ಕೂ ಸಂಬಂಧವಿಲ್ಲ. ಅದನ್ನು ಎಥನಾಲ್ ಹೆಸರಿಗೆ ಬರೆದು ಸುಮ್ಮನಾದರೆ ದುರಸ್ತಿಯಾಗಬೇಕಾದದ್ದು ಹಾಗೆಯೇ ಉಳಿಯುತ್ತದೆ. ಕಾರನ್ನು ಮೆಕ್ಯಾನಿಕ್ ಬಳಿ ಒಯ್ದು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಸಿ. ಜ್ಯಾಕ್ ಹಾಕಿ ಚಕ್ರಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ನೋಡಲು ಹೇಳಿ. ಬ್ರೇಕ್ ಹಿಡಿದುಕೊಂಡಿದ್ದರೆ ಆಗಲೇ ತಿಳಿಯುತ್ತದೆ, ಕೆಸರಿನ ಹೊಲದ ದಾರಿಯಲ್ಲಿ ಓಡುವ ಕಾರುಗಳಲ್ಲಿ ಇದು ಅಪರೂಪವಲ್ಲ. ಹಳೆಯ ಟ್ಯಾಂಕಿನ ತಳದಲ್ಲಿ ಕಟ್ಟಿಕೊಂಡ ಜಿಡ್ಡನ್ನು ಎಥನಾಲ್ ಸಡಿಲಿಸುವುದರಿಂದ ಫ್ಯುಯೆಲ್ ಫಿಲ್ಟರ್ ಕಟ್ಟಿಕೊಳ್ಳುವ ಸಂಭವವೂ ಇದೆ. 2023ರ ಏಪ್ರಿಲ್‌ಗಿಂತ ಹಿಂದಿನ ಕಾರುಗಳಲ್ಲಿ ಇಂಧನ ಹರಿಯುವ ರಬ್ಬರ್ ಪೈಪು, ವಾಷರ್‌ಗಳು ಇ20ಗೆಂದು ತಯಾರಾದವಲ್ಲದಿರಬಹುದು. ಸರ್ವಿಸ್ ಸಮಯದಲ್ಲಿ ಅವು ಉಬ್ಬಿವೆಯೇ, ಬಿರುಕು ಬಿಟ್ಟಿವೆಯೇ ಎಂದು ನೋಡಿಸಿ, ಹಾಗಿದ್ದರೆ ಬದಲಿಸಿ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಕಾರನ್ನು ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ನಿಮ್ಮ ಕಬ್ಬಿನ ಪಾಲೂ ಈ ಪೆಟ್ರೋಲಿನಲ್ಲಿ ಇರಬಹುದು ಎಂಬುದನ್ನು ನೆನಪಿಸಬೇಕಾಗಿಲ್ಲ. ಕಾರ್ಖಾನೆಯಿಂದ ಬಾಕಿ ಬೇಗ ಬಂದರೆ ಸಂತೋಷ, ಮೈಲೇಜ್ ಇಳಿದರೆ ಬೇಸರ. ಎರಡೂ ಒಂದೇ ಮನೆಗೆ ಬರುವ ಸ್ಥಿತಿ ಬೀದರ್ ಜಿಲ್ಲೆಯವರದು.

ಪ್ರಶ್ನೆ: ಯಾದಗಿರಿಯ ಬಂಕಿನಲ್ಲಿ ಕೇಳದಿದ್ದರೂ 95 ಆಕ್ಟೇನ್ ಪೆಟ್ರೋಲ್ ಹಾಕಲು ಮುಂದಾಗುತ್ತಾರೆ, ಮೈಲೇಜ್ ಹೆಚ್ಚುತ್ತದೆ ಎನ್ನುತ್ತಾರೆ. ನನ್ನದು ಸಾಧಾರಣ 1.2 ಲೀಟರ್ ಕಾರು. ಹೆಚ್ಚು ಹಣ ಕೊಡುವುದು ಲಾಭವೇ?

ಉತ್ತರ: ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಹಿಂದೂಸ್ತಾನ್ ಪೆಟ್ರೋಲಿಯಂನ ಪವರ್95 ಈ ಬಗೆಯವು. ಆಕ್ಟೇನ್ ಎಂಬುದು ಪೆಟ್ರೋಲಿನ ಶಕ್ತಿಯ ಅಳತೆ ಅಲ್ಲ. ಸಿಲಿಂಡರಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒತ್ತಿದಾಗ ಅದು ಕಿಡಿ ತಗಲುವ ಮುನ್ನ ಅಥವಾ ಅಡ್ಡಾದಿಡ್ಡಿಯಾಗಿ ತಾನೇ ಹೊತ್ತಿಕೊಳ್ಳದಂತೆ ಎಷ್ಟು ತಡೆಯುತ್ತದೆ ಎಂಬುದರ ಅಳತೆ. ಒತ್ತಡ ಹೆಚ್ಚಿರುವ ಎಂಜಿನ್‌ಗಳಿಗೆ, ಮುಖ್ಯವಾಗಿ ಟರ್ಬೊ ಪೆಟ್ರೋಲ್ ಎಂಜಿನ್‌ಗಳಿಗೆ, ಇದು ಉಪಯುಕ್ತ. ಹೀಗೆ ತಾನೇ ಹೊತ್ತಿಕೊಳ್ಳುವುದನ್ನು ಗುರುತಿಸುವ ನಾಕ್ ಸೆನ್ಸರ್ ಸಹಾಯದಿಂದ ಅವು ಒಳ್ಳೆಯ ಇಂಧನ ಸಿಕ್ಕಾಗ ಕಿಡಿಯನ್ನು ತುಸು ಬೇಗ ಹಾರಿಸಿ ಅದರ ಲಾಭ ಪಡೆಯುತ್ತವೆ. ನಿಮ್ಮ ಕಾರಿನ ಕೈಪಿಡಿಯಲ್ಲಿ 91 ಸಾಕು ಎಂದಿದ್ದರೆ, 95 ಹಾಕಿದಾಗ ಎಂಜಿನ್ ಅದರಿಂದ ಹೆಚ್ಚೇನೂ ಲಾಭ ಪಡೆಯಲಾರದು. ಎಥನಾಲ್‌ನ ಆಕ್ಟೇನ್ 108ರ ಆಸುಪಾಸಿನಲ್ಲಿರುವುದರಿಂದ ಈಗಿನ ಸಾದಾ ಪೆಟ್ರೋಲಿನ ಆಕ್ಟೇನ್ ಕೂಡ ಮೊದಲಿಗಿಂತ ಏರಿದೆ.

ಪ್ರೀಮಿಯಂ ಪೆಟ್ರೋಲಿಗೆ ಸೇರಿಸುವ ರಾಸಾಯನಿಕಗಳು ಇಂಜೆಕ್ಟರ್‌ಗಳನ್ನು ಸ್ವಚ್ಛವಾಗಿಡುತ್ತವೆ ಎಂಬುದನ್ನು ಅಲ್ಲಗಳೆಯಲಾರೆ, ಆದರೆ ಅದರ ಫಲ ಒಂದು ಟ್ಯಾಂಕಿನಲ್ಲಿ ಕಾಣುವಂಥದಲ್ಲ. ಲಾಭ-ನಷ್ಟದ ಲೆಕ್ಕ ಸುಲಭ: ಸಾದಾ ಪೆಟ್ರೋಲ್ 103 ರೂಪಾಯಿ, ಪ್ರೀಮಿಯಂ 111 ರೂಪಾಯಿ ಇದ್ದರೆ ಬೆಲೆ ಶೇ 8ರಷ್ಟು ಹೆಚ್ಚು. ಲೀಟರಿಗೆ 18 ಕೊಡುವ ಕಾರು 19.4 ಕೊಟ್ಟರೆ ಮಾತ್ರ ಹಾಕಿದ ಹಣ ಮರಳಿತು. ಸಾಧಾರಣ ಎಂಜಿನ್‌ನಲ್ಲಿ ಅಷ್ಟು ಏರಿಕೆ ನಿರೀಕ್ಷಿಸಬೇಡಿ. "ಸಾದಾ ಹಾಕ್ರಿ" ಎಂದು ನಾಜಲ್ ಎತ್ತುವ ಮೊದಲೇ ಹೇಳಿಬಿಡಿ.

ಪ್ರಶ್ನೆ: ಸೇಡಂನಲ್ಲಿ ಏಪ್ರಿಲ್-ಮೇ ಬಿಸಿಲು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಬಿಸಿಲೇರುವ ಮುನ್ನ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಬರುತ್ತದೆಯೇ?

ಉತ್ತರ: ಉಷ್ಣತೆ 10 ಡಿಗ್ರಿ ಏರಿದರೆ ಪೆಟ್ರೋಲ್ ಸುಮಾರು ಶೇ 1ರಷ್ಟು ಹಿಗ್ಗುತ್ತದೆ ಎಂಬುದು ಸರಿ. ಆದರೆ ಬಂಕಿನ ಟ್ಯಾಂಕ್ ನೆಲದಡಿಯಲ್ಲಿರುತ್ತದೆ. ಮೇಲೆ 43 ಡಿಗ್ರಿ ಬಿಸಿಲಿದ್ದರೂ ಕೆಳಗಿನ ಪೆಟ್ರೋಲಿನ ಉಷ್ಣತೆ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹೆಚ್ಚು ಬದಲಾಗುವುದಿಲ್ಲ. ಎರಡು ಡಿಗ್ರಿ ಬದಲಾಯಿತೆಂದರೂ 20 ಲೀಟರಿಗೆ 40-50 ಮಿಲಿಲೀಟರ್, ಒಂದು ಸಣ್ಣ ಲೋಟ ಚಹಾದಷ್ಟೂ ಇಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರನ್ನು ತಣ್ಣಗಾಗಿಸಲು ಎ.ಸಿ. ಅದಕ್ಕಿಂತ ಎಷ್ಟೋ ಹೆಚ್ಚು ಪೆಟ್ರೋಲ್ ತಿನ್ನುತ್ತದೆ. ಹತ್ತುವ ಮೊದಲು ನಾಲ್ಕೂ ಬಾಗಿಲು ತೆರೆದು ಬಿಸಿ ಗಾಳಿ ಹೊರಹೋಗಲು ಬಿಟ್ಟರೆ ಉಳಿತಾಯ ಅಲ್ಲಿದೆ. ಬೇಸಿಗೆಯಲ್ಲಿ ಬಾಯಿಮಟ್ಟ ತುಂಬಿಸುವುದನ್ನಂತೂ ಬಿಡಿ. ಹಿಗ್ಗಿದ ಪೆಟ್ರೋಲ್, ಆವಿಯನ್ನು ಹಿಡಿದಿಡಲೆಂದು ಇರುವ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸುತ್ತದೆ.

ಪ್ರಶ್ನೆ: ಚಿಂಚೋಳಿ ತಾಲೂಕಿನವನು. ಬ್ರ್ಯಾಂಡ್ ಯಾವುದಾದರೇನು, ಬಂಕಿನವರು ಕಲಬೆರಕೆ ಮಾಡಿದರೆ ಏನು ಮಾಡುವುದು? ಗ್ರಾಹಕ ತಾನೇ ಪರೀಕ್ಷಿಸುವ ದಾರಿ ಇದೆಯೇ?

ಉತ್ತರ: ಈ ಕಂತೆಯಲ್ಲಿ ಅತ್ಯಂತ ಉಪಯುಕ್ತ ಪ್ರಶ್ನೆ ನಿಮ್ಮದು. ಕಂಪನಿಗಿಂತ ಬಂಕ್ ಮುಖ್ಯ. ಮೂರು ಪರೀಕ್ಷೆಗಳನ್ನು ಕೇಳಿ ಮಾಡಿಸುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ, ಅದಕ್ಕೆ ಬೇಕಾದ ಸಲಕರಣೆಗಳನ್ನು ಬಂಕ್ ಇಟ್ಟುಕೊಂಡಿರಲೇಬೇಕು.

ಅಳತೆಯ ಅನುಮಾನವಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರ್ ಅಳತೆ ಪಾತ್ರೆಗೆ ಹಾಕಿಸಿ ನೋಡಿ. 25 ಮಿಲಿಲೀಟರ್‌ವರೆಗಿನ ವ್ಯತ್ಯಾಸಕ್ಕೆ ಮಾತ್ರ ಅವಕಾಶವಿದೆ. ಎರಡನೆಯದು ಫಿಲ್ಟರ್ ಪೇಪರ್: ನಾಜಲ್ ತುದಿಯನ್ನು ಒರೆಸಿ ಒಂದು ಹನಿ ಪೆಟ್ರೋಲನ್ನು ಕಾಗದದ ಮೇಲೆ ಬೀಳಿಸಬೇಕು. ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಿದರೆ ಸರಿ. ಜಿಡ್ಡಿನ ಕಲೆ ಉಳಿದರೆ ಸೀಮೆಎಣ್ಣೆಯಂಥ ಭಾರದ ಎಣ್ಣೆ ಬೆರೆತಿರುವ ಶಂಕೆ. ಆದರೆ ಬೇಗ ಆವಿಯಾಗುವ ದ್ರಾವಕ ಬೆರೆಸಿದ್ದರೆ ಈ ಕಾಗದ ಅದನ್ನು ಹಿಡಿಯಲಾರದು.

ಅದಕ್ಕೇ ಸಾಂದ್ರತೆಯ ಪರೀಕ್ಷೆ ಬೇಕು. ಗಾಜಿನ ಎತ್ತರದ ಜಾಡಿಗೆ ಪೆಟ್ರೋಲ್ ಸುರಿದು ಹೈಡ್ರೋಮೀಟರ್ ತೇಲಿಬಿಡುತ್ತಾರೆ; ಅದು ಅಲುಗಾಡುವುದು ನಿಂತ ಮೇಲೆ, ಗಾಜಿಗೆ ತಾಗದಂತೆ ನೋಡಿಕೊಂಡು, ಕಣ್ಣನ್ನು ದ್ರವದ ಮಟ್ಟಕ್ಕೇ ಇಳಿಸಿ ಅಂಕಿ ಓದಬೇಕು. ಜೊತೆಗೆ ಥರ್ಮಾಮೀಟರಿನಲ್ಲಿ ಉಷ್ಣತೆ ಓದಿ, ಬಂಕಿನಲ್ಲಿರುವ ಪಟ್ಟಿಯ ಸಹಾಯದಿಂದ 15 ಡಿಗ್ರಿಗೆ ಪರಿವರ್ತಿಸಬೇಕು. ನಮ್ಮ ಕಡೆಯ ಸೆಕೆಯಲ್ಲಿ ಈ ಹಂತ ಬಿಟ್ಟರೆ ಒಳ್ಳೆಯ ಪೆಟ್ರೋಲೂ ಕಳಪೆಯಂತೆ ಕಾಣುತ್ತದೆ: 34 ಡಿಗ್ರಿಯಲ್ಲಿ 728 ತೋರಿಸುವ ಪೆಟ್ರೋಲ್ 15 ಡಿಗ್ರಿಯ ಲೆಕ್ಕಕ್ಕೆ ಬಂದಾಗ ಸುಮಾರು 745 ಆಗುತ್ತದೆ. ಹೀಗೆ ಬಂದ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆದಿರುವ ಸಾಂದ್ರತೆಯೊಂದಿಗೆ ಹೋಲಿಸಿ. ವ್ಯತ್ಯಾಸ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚಿದ್ದರೆ ಬಿಲ್ ಪಡೆದು, ದೂರು ಪುಸ್ತಕದಲ್ಲಿ ಬರೆದು, ಬಂಕಿನ ಫಲಕದ ಮೇಲಿರುವ ಕಂಪನಿಯ ಅಧಿಕಾರಿಯ ಸಂಖ್ಯೆಗೆ ಕರೆ ಮಾಡಿ. ಗುಣಮಟ್ಟದ ದೂರನ್ನು ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಗೆ, ಅಳತೆಯ ದೂರನ್ನು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಕೊಡಬಹುದು. ಸಾಂದ್ರತೆ ಕೇಳಿದ ಕೂಡಲೇ ಮುಖ ಗಂಟಿಕ್ಕುವ ಬಂಕನ್ನು, ಪರೀಕ್ಷೆ ಮಾಡಿಸುವ ಗೋಜಿಗೂ ಹೋಗದೆ, ನಾನಾದರೆ ಬಿಟ್ಟುಬಿಡುತ್ತೇನೆ.

ಪ್ರಶ್ನೆ: ಬೀದರ್‌ನಿಂದ ಹೈದರಾಬಾದ್‌ಗೆ ಹೋಗುವಾಗ ಜಹೀರಾಬಾದ್‌ನಲ್ಲಿ ಹಾಕಿಸಿದ ಪೆಟ್ರೋಲ್ ಹೆಚ್ಚು ಮೈಲೇಜ್ ಕೊಡುತ್ತದೆ. ತೆಲಂಗಾಣದ ಪೆಟ್ರೋಲ್ ಬೇರೆಯೇ?

ಉತ್ತರ: ಬೇರೆಯದು ತೆರಿಗೆ ಮಾತ್ರ. ಪೆಟ್ರೋಲಿನ ಮೇಲೆ ತೆಲಂಗಾಣದಲ್ಲಿ ಮೌಲ್ಯವರ್ಧಿತ ತೆರಿಗೆ ಶೇ 35ಕ್ಕಿಂತ ಹೆಚ್ಚಿದೆ. ಕರ್ನಾಟಕ 2024ರ ಜೂನ್‌ನಲ್ಲಿ ಏರಿಸಿದ ಮೇಲೂ ನಮ್ಮಲ್ಲಿನ ದರ ಶೇ 29.84. ಮೈಲೇಜ್ ಏರುವುದು ರಸ್ತೆಯಿಂದ: ಜಹೀರಾಬಾದ್‌ನಿಂದ ಮುಂದೆ ನೀವು 65ನೇ ರಾಷ್ಟ್ರೀಯ ಹೆದ್ದಾರಿಯ ಚತುಷ್ಪಥದಲ್ಲಿ, ಗೇರ್ ಬದಲಿಸುವ ಪ್ರಮೇಯವಿಲ್ಲದೆ, ಒಂದೇ ವೇಗದಲ್ಲಿ ಸಾಗುತ್ತೀರಿ. ಬೀದರ್‌ನಲ್ಲೇ ತುಂಬಿಸಿಕೊಂಡು ಹೊರಟರೆ ಆ ಮೈಲೇಜೂ ಸಿಗುತ್ತದೆ, ಲೀಟರಿಗೆ ಕೆಲವು ರೂಪಾಯಿಗಳೂ ಉಳಿಯುತ್ತವೆ.